ದೆವ್ವಗಳನ್ನು ಹುಡುಕಿ ಹೊರಟ ಜಾದೂಗಾರ

ಅಕ್ಟೋಬರ್ 31ರ ಸಂಜೆ ಅಮೆರಿಕದ ಯಾವ ಊರಿಗೆ ಹೋದರೂ ಬೀದಿಯ ತುಂಬ ಪುಟ್ಟ ಪುಟ್ಟ ದೆವ್ವಗಳು ಓಡಾಡುತ್ತಿರುತ್ತವೆ. ಬಿಳಿ ಬಟ್ಟೆ ಹೊದ್ದ ಪ್ರೇತ, ಚೂಪು ಟೋಪಿಯ ಮಾಟಗಾತಿ, ಅಸ್ಥಿಪಂಜರದ ಚಿತ್ರವಿರುವ ಅಂಗಿ ತೊಟ್ಟ ಪೋರ. ಒಂದೊಂದೇ ಮನೆಯ ಬಾಗಿಲು ತಟ್ಟಿ ಈ ದೆವ್ವಗಳು ಕೇಳುವುದು ರಕ್ತವನ್ನಲ್ಲ, ಮಿಠಾಯಿಯನ್ನು! ಮನೆಗಳ ಮೆಟ್ಟಿಲ ಮೇಲೆ ಕಣ್ಣು, ಮೂಗು, ಹಲ್ಲು ಕೊರೆದ ಕುಂಬಳಕಾಯಿಗಳು, ಅವುಗಳ ಹೊಟ್ಟೆಯೊಳಗೆ ಮಿಣುಕುವ ದೀಪ. ಇದೇ ಹ್ಯಾಲೋವೀನ್ ಹಬ್ಬ.

ಈ ಹಬ್ಬದ ಬೇರು ಇರುವುದು ಅಮೆರಿಕದಲ್ಲಲ್ಲ. ಸಾಗರದಾಚೆಯ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಅಲ್ಲಿನ ಕೆಲ್ಟ್ ಜನ ‘ಸೌವಿನ್’ ಎಂಬ ಹಬ್ಬ ಆಚರಿಸುತ್ತಿದ್ದರು. ಆ ರಾತ್ರಿ ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆ, ಅಗಲಿದವರು ಮನೆಯ ಕಡೆ ಬರುತ್ತಾರೆ ಎಂಬುದು ಅವರ ನಂಬಿಕೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವ ನಮಗೆ ಇದೇನೂ ವಿಚಿತ್ರವಾಗಿ ಕಾಣದು. ಮುಂದೆ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನವಾಗಿ ಆಚರಿಸತೊಡಗಿದರು. ಅದರ ಹಿಂದಿನ ಸಂಜೆಗೆ ಹ್ಯಾಲೋವೀನ್ ಎಂಬ ಹೆಸರು ಬಂತು. ಐರ್ಲೆಂಡಿನವರು ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. 1840ರ ದಶಕದ ಭೀಕರ ಕ್ಷಾಮದಲ್ಲಿ ಲಕ್ಷಾಂತರ ಮಂದಿ ಊರು ಬಿಟ್ಟು ಅಮೆರಿಕ ಸೇರಿದಾಗ ಹಬ್ಬವೂ ಅವರ ಜೊತೆ ಹಡಗು ಹತ್ತಿತು. ಅಲ್ಲಿ ಕುಂಬಳಕಾಯಿ ಹೇರಳ, ಕೊರೆಯುವುದೂ ಸುಲಭ. ಗೆಡ್ಡೆಯ ಜಾಗದಲ್ಲಿ ಅದು ಕುಳಿತುಬಿಟ್ಟಿತು.

ಇಂಥದೇ ಒಂದು ಹ್ಯಾಲೋವೀನ್ ದಿನ, 1926ರ ಅಕ್ಟೋಬರ್ 31ರ ಮಧ್ಯಾಹ್ನ, ಡೆಟ್ರಾಯಿಟ್ ನಗರದ ಆಸ್ಪತ್ರೆಯೊಂದರಲ್ಲಿ 52 ವರ್ಷದ ಒಬ್ಬ ಮನುಷ್ಯ ಕೊನೆಯುಸಿರೆಳೆದ. ಬೇಡಿ, ಬೀಗ, ಸಂಕೋಲೆ, ಸೆರೆಮನೆ ಯಾವುದೂ ಆತನನ್ನು ಹಿಡಿದಿಟ್ಟಿರಲಿಲ್ಲ. ಅವನೇ ಹ್ಯಾರಿ ಹೌಡಿನಿ. ಬೇಡಿ ಬಿಡಿಸಿಕೊಳ್ಳುವ ಆತನ ಸಾಹಸಗಳು ಎಲ್ಲರಿಗೂ ಗೊತ್ತು. ಆದರೆ ಬದುಕಿನ ಕೊನೆಯ ವರ್ಷಗಳಲ್ಲಿ ಆತ ಬೀಗಗಳಿಗಿಂತ ಹೆಚ್ಚಾಗಿ ಬೆನ್ನು ಹತ್ತಿದ್ದು ದೆವ್ವಗಳನ್ನು. ಅದೂ ತಮಾಷೆಗಲ್ಲ.

ರಬ್ಬಿಯ ಮಗ

ಹೌಡಿನಿಯ ನಿಜ ಹೆಸರು ಎರಿಕ್ ವೈಸ್. 1874ರಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದ. ತಂದೆ ಯೆಹೂದಿ ಧರ್ಮಗುರು, ಅಂದರೆ ರಬ್ಬಿ. ಸಂಸಾರ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯಕ್ಕೆ ಬಂದಾಗ ಹುಡುಗನಿಗೆ ನಾಲ್ಕು ವರ್ಷ. ಕೆಲಕಾಲದಲ್ಲೇ ತಂದೆಯ ಕೆಲಸ ಹೋಯಿತು. ಬಡತನ ಮನೆಯೊಳಗೆ ಬಂದು ಕುಳಿತಿತು. ಹುಡುಗ ಪತ್ರಿಕೆ ಮಾರಿದ, ಬೂಟು ಒರೆಸಿದ, ನ್ಯೂಯಾರ್ಕ್‌ಗೆ ಬಂದ ಮೇಲೆ ನೆಕ್‌ಟೈ ತಯಾರಿಸುವ ಕಾರ್ಖಾನೆಯಲ್ಲಿ ದುಡಿದ. ಆಗ ಕೈಗೆ ಸಿಕ್ಕಿದ್ದು ಫ್ರಾನ್ಸಿನ ಪ್ರಸಿದ್ಧ ಜಾದೂಗಾರ ರೊಬೇರ್ ಹೂಡಾನ್‌ನ ಆತ್ಮಕಥೆ. ಆ ಪುಸ್ತಕ ಅವನ ತಲೆ ತಿರುಗಿಸಿತು. ಹೂಡಾನ್ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿಕೊಂಡು ಎರಿಕ್ ವೈಸ್ ‘ಹೌಡಿನಿ’ಯಾದ.

1892ರಲ್ಲಿ ತಂದೆ ತೀರಿಕೊಂಡರು. ತಾಯಿ ಸಿಸೀಲಿಯಾಳನ್ನು ಕೊನೆಯವರೆಗೂ ನೋಡಿಕೊಳ್ಳುತ್ತೇನೆಂದು ಮಗ ತಂದೆಗೆ ಮಾತು ಕೊಟ್ಟಿದ್ದ. ಆ ಮಾತನ್ನು ಆತ ಅಕ್ಷರಶಃ ಪಾಲಿಸಿದ. ಮುಂದಿನ ಕಥೆಗೆಲ್ಲ ಈ ತಾಯಿಯೇ ಕೇಂದ್ರ.

ಟಕ್ ಟಕ್ ಸದ್ದು

ಆ ಕಾಲದ ಅಮೆರಿಕದಲ್ಲಿ ಸತ್ತವರ ಜೊತೆ ಮಾತಾಡುವುದು ದೊಡ್ಡ ಗೀಳಾಗಿತ್ತು. ಅದರ ಆರಂಭ 1848ರ ಮಾರ್ಚ್ 31ರ ರಾತ್ರಿ. ನ್ಯೂಯಾರ್ಕ್ ಪ್ರಾಂತ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯ ಮನೆಯೊಂದರಲ್ಲಿ ಮ್ಯಾಗಿ ಮತ್ತು ಕೇಟ್ ಫಾಕ್ಸ್ ಎಂಬ ಅಕ್ಕ ತಂಗಿಯರು ಕೇಳಿದ ಪ್ರಶ್ನೆಗಳಿಗೆ ಕಾಣದ ಯಾರೋ ಟಕ್ ಟಕ್ ಎಂದು ಬಡಿದು ಉತ್ತರಿಸತೊಡಗಿದರು. ತಾಯಿ ಹೆದರಿ ನೆರೆಯವರನ್ನು ಕರೆದಳು. ಸುದ್ದಿ ಊರೂರಿಗೆ ಹಬ್ಬಿತು. ಈ ಹುಡುಗಿಯರು ಪ್ರದರ್ಶನ ನೀಡತೊಡಗಿದರು. ಸತ್ತವರಿಗೂ ಬದುಕಿರುವವರಿಗೂ ನಡುವೆ ಮಾತು ದಾಟಿಸುವ ಮಧ್ಯವರ್ತಿಗಳಿಗೆ ‘ಮೀಡಿಯಂ’ ಎಂಬ ಹೆಸರು ಬಂತು. ಕತ್ತಲ ಕೋಣೆಯಲ್ಲಿ ಮೇಜಿನ ಸುತ್ತ ಕೈಕೈ ಹಿಡಿದು ಕುಳಿತು ಪ್ರೇತವನ್ನು ಕರೆಯುವ ಗೋಷ್ಠಿಗಳು ಶ್ರೀಮಂತರ ಮನೆಗಳಲ್ಲಿ ಮಾಮೂಲಾದವು.

ನಲವತ್ತು ವರ್ಷಗಳ ನಂತರ, 1888ರ ಅಕ್ಟೋಬರ್‌ನಲ್ಲಿ, ಮ್ಯಾಗಿ ನ್ಯೂಯಾರ್ಕ್‌ನ ತುಂಬಿದ ಸಭಾಂಗಣದಲ್ಲಿ ವೇದಿಕೆ ಹತ್ತಿ ಗುಟ್ಟು ಬಿಚ್ಚಿಟ್ಟಳು. ಆ ಸದ್ದು ಪ್ರೇತದ್ದಲ್ಲ, ಕಾಲ್ಬೆರಳ ಕೀಲುಗಳದ್ದು! ನಾವು ಕೈಬೆರಳ ಲಟಿಕೆ ಮುರಿಯುವಂತೆ ಅವರು ಕಾಲ್ಬೆರಳನ್ನು ಲಟಕಿಸುತ್ತಿದ್ದರು. ಮರದ ನೆಲ ಆ ಸದ್ದನ್ನು ಹಿಗ್ಗಿಸುತ್ತಿತ್ತು. ವೇದಿಕೆಯ ಮೇಲೆಯೇ ಆಕೆ ಅದನ್ನು ಮಾಡಿ ತೋರಿಸಿದಳು. ಮುಂದಿನ ವರ್ಷ ಆ ತಪ್ಪೊಪ್ಪಿಗೆಯನ್ನು ಹಿಂದಕ್ಕೆ ಪಡೆದಳು. ಆದರೆ ನಂಬಿದ್ದವರಿಗೆ ಆ ಪ್ರದರ್ಶನವೇ ಮುಖ್ಯವಾಗಲಿಲ್ಲ. ಮಕ್ಕಳ ತಮಾಷೆಯಾಗಿ ಶುರುವಾದದ್ದು ಅಷ್ಟು ಹೊತ್ತಿಗೆ ಲಕ್ಷಾಂತರ ಜನರ ನಂಬಿಕೆಯಾಗಿ ಬೆಳೆದಿತ್ತು.

ಸಮಾಧಿಕಲ್ಲು ಹೇಳಿದ ಗುಟ್ಟು

ಹೌಡಿನಿಗೆ ಈ ವಿದ್ಯೆಯ ಒಳಹೊರಗು ಗೊತ್ತಿದ್ದುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಆತನೂ ಅದನ್ನೇ ಮಾಡಿದ್ದ. 1894ರಲ್ಲಿ ಬೆಸ್ ಎಂಬ ಗಾಯಕಿಯನ್ನು ಮದುವೆಯಾದ ಮೇಲೆ ಗಂಡ ಹೆಂಡತಿ ಸಣ್ಣಪುಟ್ಟ ತಂಡಗಳ ಜೊತೆ ಊರೂರು ಅಲೆಯುತ್ತಿದ್ದರು. ಔಷಧಿ ಮಾರುವ ತಂಡವೊಂದರ ಜೊತೆ ಕ್ಯಾನ್ಸಾಸ್ ಪ್ರಾಂತ್ಯದಲ್ಲಿದ್ದಾಗ ಜನರನ್ನು ಸೆಳೆಯಲು ಹೌಡಿನಿ ಪ್ರೇತಗಳನ್ನು ಕರೆಯುವ ಆಟ ಹೂಡಿದ.

ವಿಧಾನ ಬಹಳ ಸರಳ. ಊರಿಗೆ ಬಂದ ಕೂಡಲೇ ಸ್ಮಶಾನಕ್ಕೆ ಹೋಗಿ ಸಮಾಧಿಕಲ್ಲುಗಳ ಮೇಲಿನ ಹೆಸರು, ತಾರೀಖುಗಳನ್ನು ಬರೆದುಕೊಳ್ಳುವುದು. ಹರಟೆಮಲ್ಲರ ಬಳಿ ಕುಳಿತು ಯಾರ ಮನೆಯಲ್ಲಿ ಯಾರು ಹೇಗೆ ಸತ್ತರೆಂದು ತಿಳಿದುಕೊಳ್ಳುವುದು. ರಾತ್ರಿ ವೇದಿಕೆಯ ಮೇಲೆ ಅದನ್ನೇ ಪ್ರೇತದ ಸಂದೇಶವೆಂದು ಹೇಳುವುದು. ಜನ ಬೆರಗಾಗುತ್ತಿದ್ದರು. ಕೆಲವರು ಅತ್ತುಬಿಡುತ್ತಿದ್ದರು.

ಆ ಅಳುವನ್ನು ಹೌಡಿನಿ ಮರೆಯಲಿಲ್ಲ. ಆಗ ತನಗೆ ಅದು ಬರೀ ತಮಾಷೆಯಾಗಿತ್ತು, ದುಃಖದಲ್ಲಿರುವವರ ಭಾವನೆಗಳ ಜೊತೆ ಆಟವಾಡುವುದು ಅಪರಾಧಕ್ಕೆ ಸಮ ಎಂದು ತಿಳಿದದ್ದು ತಡವಾಗಿ ಎಂದು ಆತ ಮುಂದೆ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. ಹಾಗೆ ತಿಳಿಸಿಕೊಟ್ಟದ್ದು ಆತನದೇ ದುಃಖ.

ಕೋಪನ್‌ಹೇಗನ್‌ಗೆ ಬಂದ ತಂತಿ

1900ರ ನಂತರ ಹೌಡಿನಿಯ ಅದೃಷ್ಟ ತಿರುಗಿತು. ಲಂಡನ್, ಬರ್ಲಿನ್, ಮಾಸ್ಕೋಗಳಲ್ಲಿ ಜನ ಮುಗಿಬಿದ್ದು ಆತನ ಆಟ ನೋಡಿದರು. 1913ರ ಜುಲೈನಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿದ್ದಾಗ ಒಂದು ತಂತಿ ಬಂತು: ತಾಯಿ ಇನ್ನಿಲ್ಲ. ಓದಿದವನೇ ಹೌಡಿನಿ ಪ್ರಜ್ಞೆ ತಪ್ಪಿ ಬಿದ್ದ. ಆಟಗಳನ್ನೆಲ್ಲ ರದ್ದು ಮಾಡಿ ಅಮೆರಿಕಕ್ಕೆ ಧಾವಿಸಿದ. ಆತ ಬರುವ ತನಕ ಅಂತ್ಯಕ್ರಿಯೆ ತಡೆಹಿಡಿಯಲಾಯಿತು.

ಕೊನೆಗಾಲದಲ್ಲಿ ತಾಯಿ ತನಗೇನೋ ಹೇಳಬೇಕೆಂದಿದ್ದಳು, ಅದು ಹೇಳದೆಯೇ ಉಳಿಯಿತು ಎಂಬ ಕೊರಗು ಆತನನ್ನು ಬಿಡಲಿಲ್ಲ. ಆ ಒಂದು ಮಾತು ಕೇಳಬೇಕೆಂಬ ಆಸೆಯಿಂದ ಮೀಡಿಯಂಗಳ ಕೋಣೆಗಳಿಗೆ ಹೋಗತೊಡಗಿದ. ಪ್ರತಿ ಬಾರಿಯೂ ಆತನಿಗೆ ಕಂಡದ್ದು ತಾನೇ ಹಿಂದೆ ಮಾಡುತ್ತಿದ್ದ ಕೈಚಳಕ. ಬೇರೆಯವರಿಗೆ ಕತ್ತಲಲ್ಲಿ ತೇಲುವ ತುತ್ತೂರಿ ಕಂಡರೆ ಜಾದೂಗಾರನ ಕಣ್ಣಿಗೆ ಅದನ್ನು ಹಿಡಿದ ಕೈ ಕಾಣುತ್ತಿತ್ತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಅದರ ಬೆನ್ನಿಗೇ 1918ರ ಇನ್‌ಫ್ಲುಯೆಂಜಾ ಪಿಡುಗು. ಲಕ್ಷಾಂತರ ಮನೆಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು. ಹಲವರಿಗೆ ಮಗನ ಶವವೂ ಸಿಕ್ಕಿರಲಿಲ್ಲ. ಒಮ್ಮೆ ಅವನ ದನಿ ಕೇಳಿಸಿದರೆ ಸಾಕೆಂದು ಅವರು ಮೀಡಿಯಂಗಳ ಮನೆ ಬಾಗಿಲಿಗೆ ಬಂದರು. ಮೋಸಗಾರರಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಬೇಕೆ?

ಪತ್ತೇದಾರನ ಸೃಷ್ಟಿಕರ್ತನೇ ನಂಬಿದಾಗ

ಹಾಗೆ ಮಗನನ್ನು ಕಳೆದುಕೊಂಡವರಲ್ಲಿ ಷರ್ಲಾಕ್ ಹೋಮ್ಸ್‌ನ ಕಥೆಗಳನ್ನು ಬರೆದ ಸರ್ ಆರ್ಥರ್ ಕಾನನ್ ಡಾಯ್ಲ್ ಕೂಡ ಒಬ್ಬರು. ಯುದ್ಧದಲ್ಲಿ ಗಾಯಗೊಂಡಿದ್ದ ಮಗ ಕಿಂಗ್ಸ್‌ಲಿ 1918ರ ಅಕ್ಟೋಬರ್‌ನಲ್ಲಿ ಜ್ವರಕ್ಕೆ ಬಲಿಯಾದ. ಪ್ರೇತಸಂಭಾಷಣೆಯಲ್ಲಿ ಮೊದಲೇ ನಂಬಿಕೆ ಇಟ್ಟಿದ್ದ ಡಾಯ್ಲ್ ಅದರ ಪ್ರಚಾರಕ್ಕೆ ದೇಶದೇಶ ಸುತ್ತಿದರು.

ಹೋಮ್ಸ್‌ನಂಥ ಚಾಣಾಕ್ಷನನ್ನು ಸೃಷ್ಟಿಸಿದ ಡಾಯ್ಲ್ ಸ್ವತಃ ಬಹಳ ಮುಗ್ಧರು. ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ ಇಬ್ಬರು ಹುಡುಗಿಯರು ತೆಗೆದ ‘ಕಿನ್ನರಿಯರ ಫೋಟೊ’ಗಳು ನಿಜವೆಂದು ಅವರು 1922ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಹುಡುಗಿಯರು ಮುದುಕಿಯರಾದ ಮೇಲೆ, 1983ರಲ್ಲಿ, ನಿಜ ಹೇಳಿದರು. ಪುಸ್ತಕದ ಚಿತ್ರ ನೋಡಿ ಕಾಗದದಲ್ಲಿ ಬರೆದು, ಕತ್ತರಿಸಿ, ಟೋಪಿಗೆ ಚುಚ್ಚುವ ಪಿನ್ನಿನಿಂದ ಗಿಡಗಳ ನಡುವೆ ನಿಲ್ಲಿಸಿದ ಕಿನ್ನರಿಯರು ಅವು!

1920ರಲ್ಲಿ ಹೌಡಿನಿ ಮತ್ತು ಡಾಯ್ಲ್ ಸ್ನೇಹಿತರಾದರು. 1922ರ ಜೂನ್‌ನಲ್ಲಿ ಎರಡೂ ಸಂಸಾರಗಳು ಅಟ್ಲಾಂಟಿಕ್ ಸಿಟಿಯ ಹೋಟೆಲೊಂದರಲ್ಲಿದ್ದವು. ಡಾಯ್ಲ್‌ರ ಪತ್ನಿಗೆ ಪ್ರೇತ ಮೈಮೇಲೆ ಬಂದಂತಾಗಿ ಕೈ ತಾನಾಗಿ ಬರೆಯುತ್ತಿತ್ತಂತೆ. ನಿನ್ನ ತಾಯಿಯನ್ನು ಕರೆಯೋಣವೇ ಎಂದು ಕೇಳಿದರು. ಹೌಡಿನಿ ಮನಸ್ಸು ಬಿಚ್ಚಿ, ಆಸೆ ಹೊತ್ತು ಕುಳಿತ. ಕಿಟಕಿಯ ಪರದೆ ಎಳೆಯಲಾಯಿತು. ಪೆನ್ಸಿಲ್ ವೇಗವಾಗಿ ಓಡಿತು. ಹಾಳೆಯ ಮೇಲೆ ಹಾಳೆ ತುಂಬಿತು. ಮಗನೇ, ಕೊನೆಗೂ ನಿನ್ನ ಬಳಿ ಬಂದೆ ಎಂಬರ್ಥದ ಪ್ರೀತಿಯ ಮಾತುಗಳು.

ಹೌಡಿನಿ ಮೌನವಾಗಿ ಓದಿದ. ಪತ್ರವೆಲ್ಲ ಚೊಕ್ಕ ಇಂಗ್ಲಿಷಿನಲ್ಲಿತ್ತು. ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮಗನಿಗೆ ಆಕೆ ಬರೆಯುತ್ತಿದ್ದದ್ದು ಜರ್ಮನ್‌ನಲ್ಲಿ. ಹಾಳೆಯ ತಲೆಯ ಮೇಲೆ ಶಿಲುಬೆಯ ಗುರುತಿತ್ತು. ಆಕೆ ಯೆಹೂದಿ ರಬ್ಬಿಯ ಹೆಂಡತಿ! ಅಂದು ತಾಯಿಯ ಹುಟ್ಟಿದ ದಿನವಾಗಿತ್ತೆಂದೂ ಪತ್ರದಲ್ಲಿ ಅದರ ಸುಳಿವೇ ಇರಲಿಲ್ಲವೆಂದೂ ಹೌಡಿನಿ ಮುಂದೆ ಹೇಳಿದ. ಶಿಲುಬೆ ಹಾಕುವುದು ತಮ್ಮ ಪತ್ನಿಯ ರೂಢಿ, ಪ್ರೇತದ ಮಾತು ಮೀಡಿಯಂನ ಭಾಷೆಯಲ್ಲೇ ಹೊರಬರುತ್ತದೆ ಎಂದು ಡಾಯ್ಲ್ ಸಮಜಾಯಿಷಿ ಕೊಟ್ಟರು. ಹೌಡಿನಿ ಆಕೆಯನ್ನು ಮೋಸಗಾರ್ತಿ ಎನ್ನಲಿಲ್ಲ. ಆಕೆ ಪ್ರಾಮಾಣಿಕಳೇ. ಆದರೆ ಬರೆದದ್ದು ತನ್ನ ತಾಯಿಯಲ್ಲ ಎಂದ. ಸ್ನೇಹ ಮುರಿಯಿತು.

ಗಮನಿಸಬೇಕಾದದ್ದು ಇಲ್ಲಿದೆ. ಸುಳ್ಳನ್ನು ನಂಬಿದ್ದರೆ ಹೌಡಿನಿಗೆ ನೆಮ್ಮದಿ ಸಿಗುತ್ತಿತ್ತು, ಸ್ನೇಹವೂ ಉಳಿಯುತ್ತಿತ್ತು. ತಾಯಿಯ ಮೇಲಿನ ಪ್ರೀತಿಯೇ ಅವಳ ಹೆಸರಿನಲ್ಲಿ ಬಂದ ನಕಲಿ ಪತ್ರವನ್ನು ಒಪ್ಪಿಕೊಳ್ಳಲು ಬಿಡಲಿಲ್ಲ.

ಕತ್ತಲ ಕೋಣೆಯ ಕಾಲು

ಅದೇ ವರ್ಷದ ಕೊನೆಯಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಬಹುಮಾನವೊಂದನ್ನು ಘೋಷಿಸಿತು. ಪರೀಕ್ಷೆಯ ಕಟ್ಟುಪಾಡಿಗೆ ಒಳಪಟ್ಟು ಪ್ರೇತದ ಇರವನ್ನು ತೋರಿಸಿದವರಿಗೆ 2,500 ಡಾಲರ್. ತೀರ್ಪುಗಾರರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ವಿಲಿಯಂ ಮ್ಯಾಕ್‌ಡೂಗಲ್ ಅಂಥ ವಿದ್ವಾಂಸರಿದ್ದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಹೌಡಿನಿಯೂ ಇದ್ದ. ಪ್ರಕೃತಿ ವಿಜ್ಞಾನಿಗೆ ಮೋಸ ಮಾಡುವುದಿಲ್ಲ. ಹಾಗಾಗಿ ಮೋಸ ಮಾಡುವವರನ್ನು ಪರೀಕ್ಷಿಸುವಾಗ ವಿಜ್ಞಾನಿಗೂ ಒಬ್ಬ ಜಾದೂಗಾರನ ನೆರವು ಬೇಕು.

ಬಹುಮಾನಕ್ಕೆ ಹತ್ತಿರ ಬಂದವಳು ಬಾಸ್ಟನ್‌ನ ಶಸ್ತ್ರವೈದ್ಯರೊಬ್ಬರ ಪತ್ನಿ ಮೀನಾ ಕ್ರ್ಯಾಂಡನ್. ಪತ್ರಿಕೆಗಳಲ್ಲಿ ಆಕೆಯ ಹೆಸರು ‘ಮಾರ್ಜರಿ’. ಸತ್ತ ಅಣ್ಣ ವಾಲ್ಟರ್‌ನ ದನಿ ಆಕೆಯ ಗೋಷ್ಠಿಗಳಲ್ಲಿ ಕೇಳಿಸುತ್ತಿತ್ತು. 1924ರ ಜುಲೈನಲ್ಲಿ ಹೌಡಿನಿ ಆಕೆಯ ಪಕ್ಕದಲ್ಲೇ ಕುಳಿತ. ಒತ್ತಿದರೆ ಗಂಟೆ ಬಾರಿಸುವ ಪೆಟ್ಟಿಗೆಯೊಂದು ಆತನ ಪಾದಗಳ ನಡುವೆ. ಮಾರ್ಜರಿಯ ಒಂದು ಕೈ ಆತನ ಹಿಡಿತದಲ್ಲಿ, ಒಂದು ಕಾಲು ಆತನ ಕಾಲಿಗೆ ತಾಗಿಕೊಂಡಿತ್ತು. ದೀಪ ಆರಿತು. ಗಂಟೆ ಬಾರಿಸಿತು!

ಆದರೆ ಹೌಡಿನಿ ಬರುವ ಮುಂಚೆಯೇ ಒಂದು ಸಿದ್ಧತೆ ಮಾಡಿಕೊಂಡಿದ್ದ. ಇಡೀ ದಿನ ಮೊಣಕಾಲ ಕೆಳಗೆ ಬಿಗಿಯಾದ ರಬ್ಬರ್ ಪಟ್ಟಿ ಕಟ್ಟಿಕೊಂಡಿದ್ದ. ರಾತ್ರಿ ಅದನ್ನು ಬಿಚ್ಚುವ ಹೊತ್ತಿಗೆ ಕಾಲು ಊದಿ, ನೂಲು ತಾಗಿದರೂ ನೋಯುವಂತಾಗಿತ್ತು. ಕತ್ತಲಲ್ಲಿ ಷರಾಯಿಯನ್ನು ಮೇಲೆ ಸರಿಸಿಕೊಂಡು ಕುಳಿತಿದ್ದವನಿಗೆ ಮಾರ್ಜರಿಯ ಕಾಲು ಇಂಚಿಂಚಾಗಿ ಪೆಟ್ಟಿಗೆಯ ಕಡೆ ಜಾರಿದ್ದು ಸ್ಪಷ್ಟವಾಗಿ ತಿಳಿಯಿತು.

ಮುಂದಿನ ತಿಂಗಳು ಆಕೆಯನ್ನು ತಲೆ, ಕೈಗಳಷ್ಟೇ ಹೊರಗಿರುವ ಮರದ ಪೆಟ್ಟಿಗೆಯಲ್ಲಿ ಕೂರಿಸಿ ಪರೀಕ್ಷಿಸಲಾಯಿತು. ಪೆಟ್ಟಿಗೆಯೊಳಗೆ ಮಡಚುವ ಅಳತೆಪಟ್ಟಿಯೊಂದು ಸಿಕ್ಕಿತು. ಹೌಡಿನಿಯ ಕಡೆಯವರೇ ಇಟ್ಟರೆಂದು ಅವರು, ಆಕೆಯೇ ತಂದಳೆಂದು ಇವರು. ಆ ಜಗಳ ಬಗೆಹರಿಯಲೇ ಇಲ್ಲ. 1925ರ ಫೆಬ್ರುವರಿಯಲ್ಲಿ ಪತ್ರಿಕೆ ಬಹುಮಾನವನ್ನು ನಿರಾಕರಿಸಿತು.

ಮಾರುವೇಷದ ಪತ್ತೇದಾರಿ

ಹೌಡಿನಿ ಇಷ್ಟಕ್ಕೇ ನಿಲ್ಲಲಿಲ್ಲ. ಯಾವ ಪವಾಡವನ್ನು ತೋರಿಸಿದರೂ ಅದನ್ನು ತಾನು ಜಾದೂವಿನಿಂದ ಮಾಡಿ ತೋರಿಸುವೆ, ಆಗದಿದ್ದರೆ 10,000 ಡಾಲರ್ ಕೊಡುವೆ ಎಂದು ಸವಾಲು ಹಾಕಿದ. ಸುಳ್ಳು ಗಡ್ಡ, ಕನ್ನಡಕ ಹಾಕಿಕೊಂಡು ಗೋಷ್ಠಿಗಳಿಗೆ ನುಗ್ಗಿದ. ಒಂದು ಕಡೆ ಪ್ರೇತ ಊದುವ ತುತ್ತೂರಿಗೆ ಕತ್ತಲಲ್ಲಿ ದೀಪದ ಕಾಡಿಗೆ ಬಳಿದ. ಆಮೇಲೆ ಟಾರ್ಚ್ ಹಾಕಿದರೆ ಮೀಡಿಯಂ ಮಹಾಶಯನ ಮುಖ, ಕೈಗಳೆಲ್ಲ ಕಪ್ಪು!

ತಾನು ಯಾವ ಊರಿಗೆ ಹೋಗುವುದಿತ್ತೋ ಅಲ್ಲಿಗೆ ಮುಂಚಿತವಾಗಿ ತನ್ನ ಪತ್ತೇದಾರರನ್ನು ಕಳಿಸುತ್ತಿದ್ದ. ಅವರಲ್ಲಿ ಹೆಚ್ಚು ಜಾಣೆ ರೋಸ್ ಮ್ಯಾಕೆನ್‌ಬರ್ಗ್. ಒಮ್ಮೆ ವಿಧವೆಯ, ಒಮ್ಮೆ ಮಗು ಕಳೆದುಕೊಂಡ ತಾಯಿಯ ವೇಷದಲ್ಲಿ ಹೋಗಿ, ಮದುವೆಯೇ ಆಗದ ತನಗೆ ಸತ್ತ ಗಂಡನಿಂದ, ಹುಟ್ಟದ ಮಕ್ಕಳಿಂದ ಸಂದೇಶ ಪಡೆದು ಬರುತ್ತಿದ್ದಳು!

1926ರಲ್ಲಿ ದುಡ್ಡಿಗಾಗಿ ಭವಿಷ್ಯ ಹೇಳುವುದನ್ನು ರಾಜಧಾನಿ ವಾಷಿಂಗ್ಟನ್‌ನಲ್ಲಿ ನಿಷೇಧಿಸುವ ಮಸೂದೆಯೊಂದು ಅಮೆರಿಕದ ಸಂಸತ್ತಿನ ಮುಂದೆ ಬಂದಾಗ ಹೌಡಿನಿ ಸಾಕ್ಷಿ ಹೇಳಿದ. ತನ್ನ ಜಗಳ ಯಾರ ಧರ್ಮದ ಜೊತೆಗೂ ಅಲ್ಲ, ದುಃಖವನ್ನು ದುಡ್ಡು ಮಾಡಿಕೊಳ್ಳುವವರ ಜೊತೆ ಎಂದು ಸ್ಪಷ್ಟಪಡಿಸಿದ. ಮಸೂದೆ ಪಾಸಾಗಲಿಲ್ಲ.

ಅದೇ ವರ್ಷ ಈಜಿಪ್ಟಿನ ಫಕೀರನೆಂದು ಹೇಳಿಕೊಂಡವನೊಬ್ಬ ಅಲೌಕಿಕ ಶಕ್ತಿಯಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಬದುಕಿ ತೋರಿಸುತ್ತಿದ್ದ. ಆಗಸ್ಟ್ 5ರಂದು ನ್ಯೂಯಾರ್ಕ್‌ನ ಹೋಟೆಲೊಂದರ ಈಜುಕೊಳದಲ್ಲಿ ಹೌಡಿನಿ ಗಾಳಿಯಾಡದ ಪೆಟ್ಟಿಗೆಯೊಳಗೆ ನೀರಿನಡಿ 91 ನಿಮಿಷ ಇದ್ದು ಹೊರಬಂದ. ಗುಟ್ಟೇನು? ಗಾಬರಿಯಾಗದೆ, ಅಲುಗಾಡದೆ, ಸಣ್ಣ ಸಣ್ಣ ಉಸಿರೆಳೆಯುವುದು, ಅಷ್ಟೆ. ಗಣಿಯಲ್ಲಿ ಸಿಕ್ಕಿಬಿದ್ದ ಕಾರ್ಮಿಕರಿಗೆ ಉಪಯೋಗವಾಗಲೆಂದು ತನ್ನ ಅನುಭವವನ್ನೆಲ್ಲ ಸರ್ಕಾರದ ಗಣಿ ಇಲಾಖೆಗೆ ತಿಳಿಸಿದ.

ಕೊನೆಯ ಪರೀಕ್ಷೆ

1926ರ ಅಕ್ಟೋಬರ್ 22ರಂದು ಕೆನಡಾದ ಮಾಂಟ್ರಿಯಲ್‌ನ ನಾಟಕಶಾಲೆಯಲ್ಲಿ ಹೌಡಿನಿ ವಿಶ್ರಾಂತಿ ಪಡೆಯುತ್ತಿದ್ದ. ನೋಡಲು ಬಂದ ವಿದ್ಯಾರ್ಥಿಯೊಬ್ಬ, ಹೊಟ್ಟೆಗೆ ಎಂಥ ಗುದ್ದನ್ನಾದರೂ ತಡೆಯುತ್ತೀರಂತೆ ನಿಜವೇ ಎಂದು ಕೇಳಿ, ಆತ ಸಿದ್ಧನಾಗುವ ಮೊದಲೇ ಗುದ್ದಿದ. ನೋವು ಹೆಚ್ಚಾದರೂ ಹೌಡಿನಿ ವೈದ್ಯರ ಬಳಿ ಹೋಗಲಿಲ್ಲ. ಎರಡು ದಿನದ ನಂತರ 104 ಡಿಗ್ರಿ ಜ್ವರದಲ್ಲೇ ಡೆಟ್ರಾಯಿಟ್‌ನಲ್ಲಿ ಆಟ ಆಡಿದ. ಶಸ್ತ್ರಚಿಕಿತ್ಸೆ ಮಾಡಿದಾಗ ಅಪೆಂಡಿಕ್ಸ್ ಒಡೆದು ಸೋಂಕು ಹರಡಿತ್ತು. ಆ ಗುದ್ದಿಗೂ ಕಾಯಿಲೆಗೂ ಸಂಬಂಧವಿತ್ತೇ ಎಂಬ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಆಗಿನ್ನೂ ಪೆನಿಸಿಲಿನ್ ಬಂದಿರಲಿಲ್ಲ. ಹ್ಯಾಲೋವೀನ್ ದಿನ ಸಾವು ಬಂತು. ಶವಪೆಟ್ಟಿಗೆಯಲ್ಲಿ ಆತನ ತಲೆಯಡಿ ದಿಂಬಿನಂತೆ ಇಟ್ಟಿದ್ದು ತಾಯಿ ಬರೆದ ಪತ್ರಗಳ ಕಟ್ಟನ್ನು.

ಸಾಯುವ ಮುಂಚೆ ಗಂಡ ಹೆಂಡತಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಸತ್ತ ಮೇಲೆ ಮಾತಾಡಲು ಸಾಧ್ಯವಾದರೆ ಮೊದಲು ಹೋದವರು ಗುಪ್ತ ಸಂಕೇತವೊಂದನ್ನು ಕಳಿಸಬೇಕು. ಹಿಂದೆ ವೇದಿಕೆಯ ಮೇಲೆ ಮನಸ್ಸು ಓದುವ ಆಟಕ್ಕಾಗಿ ಇಬ್ಬರೂ ಬಳಸುತ್ತಿದ್ದ, ಒಂದೊಂದು ಮಾತಿಗೆ ಒಂದೊಂದು ಅಂಕಿಯನ್ನು ಹೊಂದಿಸಿದ ಭಾಷೆಯಲ್ಲಿ ಆ ಸಂದೇಶ ಬರಬೇಕಿತ್ತು. 1929ರಲ್ಲಿ ಒಬ್ಬ ಮೀಡಿಯಂ ಅದನ್ನು ಹೇಳಿಯೇಬಿಟ್ಟ! ಕಾಯಿಲೆಯಲ್ಲಿದ್ದ ಬೆಸ್ ಮೊದಲು ಸಹಿ ಹಾಕಿ ಒಪ್ಪಿದಳು, ಆಮೇಲೆ ನಿರಾಕರಿಸಿದಳು. ಆ ಅಂಕಿಗಳ ಭಾಷೆ 1928ರಲ್ಲೇ ಹೌಡಿನಿಯ ಜೀವನಚರಿತ್ರೆಯಲ್ಲಿ ಅಚ್ಚಾಗಿತ್ತು.

ಗಂಡನ ಚಿತ್ರದ ಬಳಿ ದೀಪವನ್ನು ಆರಲು ಬಿಡದೆ ಬೆಸ್ ಹತ್ತು ವರ್ಷ ಕಾದಳು. 1936ರ ಅಕ್ಟೋಬರ್ 31ರಂದು ಹಾಲಿವುಡ್‌ನ ಹೋಟೆಲೊಂದರ ತಾರಸಿಯ ಮೇಲೆ ಕೊನೆಯ ಗೋಷ್ಠಿ ನಡೆಯಿತು. ಬೇಡಿ, ಗಂಟೆ, ತುತ್ತೂರಿ ಎಲ್ಲ ಇಡಲಾಗಿತ್ತು. ಒಂದು ಸಲ ಬಾ, ಬೇಡಿ ಬಿಚ್ಚು, ಗಂಟೆ ಬಾರಿಸು ಎಂದು ಕರೆದರು. ಏನೂ ಆಗಲಿಲ್ಲ. ಹೌಡಿನಿ ಬರಲಿಲ್ಲ, ಬರುವನೆಂಬ ಆಸೆಯೂ ಇನ್ನಿಲ್ಲ ಎಂದು ಬೆಸ್ ಆ ದೀಪವನ್ನು ಆರಿಸಿದಳು. 1943ರಲ್ಲಿ ಆಕೆಯೂ ತೀರಿಕೊಂಡಳು. ಪ್ರತಿ ಹ್ಯಾಲೋವೀನ್‌ಗೂ ಹೌಡಿನಿಯನ್ನು ಕರೆಯುವ ಪದ್ಧತಿಯನ್ನು ಜಾದೂಗಾರರು ಮಾತ್ರ ಇಂದಿಗೂ ಬಿಟ್ಟಿಲ್ಲ.

ಹಾಸ್ಟೆಲ್‌ನ ನಾಣ್ಯ ಮತ್ತು ಫ್ಯಾರಡೆಯ ರಟ್ಟು

ಅಮೆರಿಕದ ಈ ಕಥೆ ನಮ್ಮ ಮಕ್ಕಳಿಗೇಕೆ ಎನ್ನಬಹುದು. ನಮ್ಮ ಹಾಸ್ಟೆಲ್‌ಗಳಲ್ಲೂ ರಾತ್ರಿ ದೀಪ ಆರಿಸಿ, ಅಕ್ಷರಗಳನ್ನು ಬರೆದ ಹಾಳೆಯ ಮೇಲೆ ನಾಣ್ಯವನ್ನೋ ಲೋಟವನ್ನೋ ಇಟ್ಟು, ಬೆರಳು ತಾಗಿಸಿ ‘ಪ್ಲಾಂಚೆಟ್’ ಆಡುವುದುಂಟು. ನಾಣ್ಯ ನಿಜಕ್ಕೂ ಚಲಿಸುತ್ತದೆ. ಯಾರೂ ಬೇಕೆಂದು ತಳ್ಳುತ್ತಿಲ್ಲವೆಂದು ಎಲ್ಲರೂ ಆಣೆ ಮಾಡುತ್ತಾರೆ. ಅವರ ಮಾತು ಸುಳ್ಳಲ್ಲ.

ಇದರ ಗುಟ್ಟನ್ನು 1853ರಲ್ಲೇ ಬಿಡಿಸಿದವರು ಮಹಾವಿಜ್ಞಾನಿ ಮೈಕಲ್ ಫ್ಯಾರಡೆ. ಆಗ ಜನ ಮೇಜಿನ ಮೇಲೆ ಕೈಯಿಟ್ಟು ಕುಳಿತರೆ ಮೇಜು ತಾನಾಗಿ ಚಲಿಸುತ್ತಿತ್ತು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಮೆತ್ತನೆಯ ಅಂಟಿನಿಂದ ಸಡಿಲವಾಗಿ ಅಂಟಿಸಿದ ರಟ್ಟಿನ ಹಾಳೆಗಳನ್ನು ಇಟ್ಟರು. ಮೇಜು ಮೊದಲು ಚಲಿಸಿದರೆ ಕೆಳಗಿನ ರಟ್ಟು ಮುಂದಿರಬೇಕು, ಕೈ ಮೊದಲು ಚಲಿಸಿದರೆ ಮೇಲಿನದು. ಮುಂದಿದ್ದದ್ದು ಮೇಲಿನ ರಟ್ಟು. ಕೂತವರಿಗೇ ತಿಳಿಯದಂತೆ ಅವರ ಕೈ ಮೇಜನ್ನು ತಳ್ಳುತ್ತಿತ್ತು. ಡಾಯ್ಲ್‌ರ ಪತ್ನಿಯ ಪೆನ್ಸಿಲ್ ಓಡಿದ್ದೂ, ಹಾಸ್ಟೆಲ್‌ನ ನಾಣ್ಯ ಸರಿಯುವುದೂ ಹೀಗೆಯೇ. ಆಡುವವರ ಕಣ್ಣು ಕಟ್ಟಿ, ಅವರಿಗೆ ಗೊತ್ತಾಗದಂತೆ ಹಾಳೆಯನ್ನು ತಿರುಗಿಸಿಟ್ಟರೆ ‘ಪ್ರೇತ’ಕ್ಕೂ ಅಕ್ಷರಗಳು ಮರೆತುಹೋಗುತ್ತವೆ!

ಕೆಲವೊಮ್ಮೆ ಇಂಥ ಪ್ರಶ್ನೆ ಜೀವವನ್ನೂ ಉಳಿಸುತ್ತದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಸಂಸಾರದ ಕಥೆ ಅಚ್ಚಾಯಿತು. ಹಳೆಯ ಮನೆಗೆ ಬಂದ ಮೇಲೆ ಅವರಿಗೆ ರಾತ್ರಿ ಹೆಜ್ಜೆ ಸದ್ದು, ವಿಚಿತ್ರ ಆಕೃತಿಗಳು. ಮಕ್ಕಳು ಬಿಳಿಚಿಕೊಂಡರು, ಎಲ್ಲರಿಗೂ ತಲೆನೋವು. ಮನೆಯನ್ನು ತಪಾಸಣೆ ಮಾಡಿದಾಗ ಕೆಟ್ಟುಹೋದ ಒಲೆಯಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತುಂಬುತ್ತಿದ್ದದ್ದು ಗೊತ್ತಾಯಿತು. ಒಲೆ ಸರಿಪಡಿಸಿದರು, ದೆವ್ವ ಹೋಯಿತು. ದೆವ್ವ ಬಿಡಿಸುವವರನ್ನು ಕರೆದಿದ್ದರೆ ಆ ಮಕ್ಕಳ ಗತಿ? ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿದಾಗ ಜೀವ ತೆಗೆಯುವುದೂ ಇದೇ ಅನಿಲ.

ಕನ್ನಡಿಗರಿಗೂ ಪ್ರಶ್ನಿಸುವ ಈ ದಾರಿ ಹೊಸದಲ್ಲ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ತಲೆಮಾರುಗಳ ವಿದ್ಯಾರ್ಥಿಗಳನ್ನು ಬೆಳೆಸಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಪವಾಡ ನಿಜವಾದರೆ ಪರೀಕ್ಷೆಗೆ ಒಡ್ಡಲಿ ಎಂಬುದೇ ಅವರ ಕೋರಿಕೆಯೂ ಆಗಿತ್ತು.

ದೆವ್ವದ ಕಥೆ ಕೇಳಿ ಮೈ ಜುಮ್ಮೆನ್ನಿಸಿಕೊಳ್ಳುವುದು ಮಕ್ಕಳ ಸ್ವಭಾವ. ಊರಾಚೆಯ ಪಾಳುಮನೆಯ ಹತ್ತಿರ ಹೋಗಿ ನೋಡಬೇಕೆಂಬ ಆಸೆಯೂ ಸಹಜವೇ. ಅಲ್ಲಿಗೆ ಒಬ್ಬರೇ ಹೋಗಬಾರದೆಂದು ಹೇಳಬೇಕಾದದ್ದು ದೆವ್ವಕ್ಕಲ್ಲ. ಕುಸಿಯುವ ಮಾಡು, ಮುಚ್ಚದ ಬಾವಿ, ಹಾವುಗಳಿಗೆ ಹೆದರಿ. ಮಗು ಹೆದರಿ ಬಂದಾಗ ‘ಅಲ್ಲೇನೂ ಇಲ್ಲ, ಸುಮ್ಮನೆ ಮಲಗು’ ಎಂದು ಗದರಿಸಿದರೆ ಭಯ ಹೋಗದು. ‘ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ’ ಎಂದು ಹೆದರಿಸಿದರೆ ಭಯ ಇನ್ನೂ ಗಟ್ಟಿಯಾಗುತ್ತದೆ. ಟಾರ್ಚ್ ತೆಗೆದುಕೊಂಡು ‘ಬಾ, ಆ ಸದ್ದು ಎಲ್ಲಿಂದ ಬರುತ್ತಿದೆ ನೋಡೋಣ’ ಎಂದು ಕೈ ಹಿಡಿದು ಕರೆದೊಯ್ಯುವ ಅಪ್ಪನೋ ಅಮ್ಮನೋ ಇದ್ದರೆ, ಅದು ಕಿಟಕಿಯ ಸಡಿಲ ಕೀಲೋ, ಅಟ್ಟದ ಇಲಿಯೋ ಎಂಬುದನ್ನು ಮಗುವೇ ಕಂಡುಹಿಡಿಯುತ್ತದೆ. ಮರುದಿನ ಶಾಲೆಯಲ್ಲಿ ಗೆಳೆಯರಿಗೆ ಹೇಳಲು ಅದಕ್ಕೆ ದೆವ್ವದ ಕಥೆಗಿಂತ ಒಳ್ಳೆಯ ಕಥೆಯೊಂದು ಸಿಕ್ಕಿರುತ್ತದೆ.